ಕತ್ತಾಳೆಗೆ ಹೆಸರಿದೆ, ಕಂಬಳಿಗಿಲ್ಲ

ಬೇಸಿಗೆ ಬಂತೆಂದರೆ ಪಟ್ಟಣದ ಕಲಾ ಗ್ಯಾಲರಿಗಳಲ್ಲಿ ಪ್ರದರ್ಶನಗಳ ಸುಗ್ಗಿ. ಈಗೀಗ ಅಲ್ಲಿ ಬಣ್ಣದ ಚಿತ್ರಗಳ ಪಕ್ಕದಲ್ಲೇ ನೂಲು, ನಾರು, ಹಗ್ಗ, ಉಣ್ಣೆಗಳೂ ಗೋಡೆ ಏರಿವೆ. ಇದು ನಾರಿನ ಕಲೆ; ಓದಿಕೊಂಡವರು ಫೈಬರ್ ಆರ್ಟ್ ಅಂತಾರೆ. ಬಹಳ ಹೊಸದು ಅಂತಲೂ ಅಂತಾರೆ. ಸೆಟ್ಟೂರು ಸೀಮೆಯಲ್ಲಿ ಕುರಿ ಹಿಂದೆ ನಡೆದವರು, ರಾಟೆ ಸದ್ದಿನಲ್ಲಿ ನಿದ್ದೆ ಮಾಡಿ ಬೆಳೆದವರು ಈ ಮಾತಿಗೆ ಸುಮ್ಮನೆ ತಲೆಯಾಡಿಸಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನನ್ನ ಜಗಳ ಆ ಕಲೆಯ ಮೇಲಲ್ಲ. ಅದರಲ್ಲಿ ದೊಡ್ಡವರಿದ್ದಾರೆ. ಪೋಲೆಂಡ್ ದೇಶದ ಮಗ್ದಲೇನಾ ಅಬಾಕನೋವಿಚ್ ಎಂಬಾಕೆ 1960ರ ದಶಕದಲ್ಲಿ ಬಂದರುಗಳಿಂದ ಹಳೇ ಹಗ್ಗ ತಂದು, ಬಿಚ್ಚಿ ಎಳೆ ಎಳೆ ಮಾಡಿ, ಬಣ್ಣ ಹಾಕಿ, ಆಳೆತ್ತರ ಮೀರಿದ ನೇಯ್ಗೆಗಳನ್ನು ಮಾಡಿ ತೂಗುಬಿಟ್ಟರು. ಆ ಹಗ್ಗದ ನಾರು ಯಾವುದು ಗೊತ್ತಾ? ಸೈಸಾಲ್. ಅಂದರೆ ನಮ್ಮ ಹೊಲದ ಬದುವಿನಲ್ಲಿ ಮುಳ್ಳು ಚಾಚಿಕೊಂಡು ನಿಂತಿರುತ್ತದಲ್ಲ, ಆ ಕತ್ತಾಳೆಯ ಜಾತಿಯದೇ. ಸ್ವಿಟ್ಜರ್ಲೆಂಡಿನ ಲೊಸಾನ್ ಪಟ್ಟಣದಲ್ಲಿ ನೇಯ್ಗೆ ಕಲೆಗೆಂದೇ 1962ರಿಂದ 1995ರವರೆಗೆ ದೊಡ್ಡ ಪ್ರದರ್ಶನಗಳು ನಡೆದವು. ಮೊದಲನೆಯದರಲ್ಲೇ ಈಕೆಯ ಕೆಲಸವಿತ್ತು. ಮುಂದೆ ಆ ನೇಯ್ಗೆಗಳಿಗೆ ಆಕೆಯ ಹೆಸರೇ ಹೆಸರಾಯಿತು, 'ಅಬಾಕನ್' ಅಂತ. ಕತ್ತಾಳೆ ನಾರಿಗೆ ಒಬ್ಬ ಹೆಂಗಸಿನ ಹೆಸರು ಬಂತು.

ನಮ್ಮ ದೇಶದ ಮೃಣಾಲಿನಿ ಮುಖರ್ಜಿ ಇನ್ನೂ ಹತ್ತಿರದವರು. 1949ರಲ್ಲಿ ಹುಟ್ಟಿ, ಬರೋಡಾದಲ್ಲಿ ಕೆ.ಜಿ. ಸುಬ್ರಮಣ್ಯನ್ ಅವರ ಕೈಕೆಳಗೆ ಕಲಿತವರು. ಕುಶಲಕರ್ಮಿಯ ಕೆಲಸವನ್ನು ಕೀಳು ಅನ್ನದ ಗುರು ಆತ. ಈಕೆ ಮಗ್ಗವನ್ನೂ ಬಳಸದೆ ಸೆಣಬಿನ ಹಗ್ಗಕ್ಕೆ ಗಂಟಿನ ಮೇಲೆ ಗಂಟು ಹಾಕುತ್ತ ಯಕ್ಷಿ, ವನಶ್ರೀ ಅಂತ ದೇವತೆಗಳಂಥ ದೊಡ್ಡ ದೊಡ್ಡ ಆಕೃತಿಗಳನ್ನು ಮಾಡಿದರು. 2015ರಲ್ಲಿ ತೀರಿಕೊಂಡರು. 2019ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂನವರು ಅವರ ಕೃತಿಗಳನ್ನು ತೋರಿಸಿದರು. ಅವರಿಗೆ ಬೇಸಿಗೆ ಅಂದರೆ ಅದು. ನಮಗೆ ಮುಂಗಾರು, ಶೇಂಗಾ ಬಿತ್ತನೆ.

ಇವರು ತಾವೇ ಕೈಯಿಟ್ಟು ಮಾಡಿದವರು. ಹೆಸರು ಬಂದದ್ದು ನ್ಯಾಯ. ನನಗೆ ಸಿಟ್ಟು ಬರುವುದು ಬೇರೆ ಕಡೆ.

ಒಂದು ಬೇಸಿಗೆಯಲ್ಲಿ ನಾನು ದೊಡ್ಡ ಪಟ್ಟಣವೊಂದರ ಗ್ಯಾಲರಿಗೆ ಹೋಗಿದ್ದೆ. ಯಾವುದು ಅಂತ ಹೇಳುವುದಿಲ್ಲ. ಒಂದು ಗೋಡೆಗೆ ಕರೀ ಕಂಬಳಿಯ ಮೂರು ತುಂಡು ಇಳಿಬಿಟ್ಟು, ನಡುವೆ ಕೆಂಪು ದಾರದಲ್ಲಿ ನಾಲ್ಕು ಗೆರೆ ಹೊಲಿದಿದ್ದರು. ಚಂದವಾಗಿಯೇ ಇತ್ತು. ಕೆಳಗಿನ ಚೀಟಿಯಲ್ಲಿ ಗೆರೆ ಹೊಲಿದವರ ಹೆಸರು, ಕೃತಿಯ ಹೆಸರು, ವರ್ಷ, ಆಮೇಲೆ 'ಮಾಧ್ಯಮ: ದಖನಿ ಕುರಿಯ ಉಣ್ಣೆ, ಕೈಮಗ್ಗ'. ಮುಗಿಯಿತು. ನೇಯ್ದವರು ಯಾರಮ್ಮ ಅಂತ ಅಲ್ಲಿದ್ದ ಹುಡುಗಿಯನ್ನು ಕೇಳಿದೆ. "ಯಾರೋ ಹಳ್ಳಿಯವರು ಸಾರ್, ಅದು ಬರೀ ಮೆಟೀರಿಯಲ್" ಅಂದಳು. ಕುರಿಯ ಜಾತಿ ಬರೆಯೋಕೆ ಜಾಗ ಇತ್ತು, ಮನುಷ್ಯನ ಹೆಸರು ಬರೆಯೋಕೆ ಇರಲಿಲ್ಲ. ಪಕ್ಕದಲ್ಲಿ 'ಮುಟ್ಟಬೇಡಿ' ಅಂತ ಬೋರ್ಡು. ಕಂಬಳಿಯನ್ನು ಮುಟ್ಟಬಾರದಂತೆ!

ಆ ಬರೀ ಮೆಟೀರಿಯಲ್ ಆಗೋದು ಹೇಗೆ ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ, ಆದರೂ ಮಕ್ಕಳು ಓದಲಿ ಅಂತ ಹೇಳುತ್ತೇನೆ. ಕುರಿ ತೊಳೆದು ತುಪ್ಪಟ ಕತ್ತರಿಸಬೇಕು. ಕರಿದು, ಬಿಳಿದು, ಕಂದು ಬೇರೆ ಬೇರೆ ಮಾಡಬೇಕು. ಹಿಂಜಬೇಕು. ಹೆಂಗಸರು ರಾಟೆ ಹಿಡಿದು ನೂಲಬೇಕು. ಒಂದು ಕಂಬಳಿಗೆ ಸಾಕಾಗುವ ನೂಲು ಒಂದು ಹಗಲಿನ ಮಾತಲ್ಲ. ಆಮೇಲೆ ಬೀದಿ ಉದ್ದಕ್ಕೂ ಹಾಸು ಎಳೆದು ಕಟ್ಟಿ, ಹುಣಸೆ ಬೀಜ ರುಬ್ಬಿ ಕುದಿಸಿದ ಅಂಟನ್ನು ಕುಂಚದಲ್ಲಿ ಬಳಿದು ಬಿಸಿಲಿಗೆ ಒಣಗಿಸಬೇಕು. ಮೋಡ ಕವಿದರೆ ಕೆಲಸ ಕೆಟ್ಟಿತು. ಅದಾದಮೇಲೆ ಗುಂಡಿ ಮಗ್ಗಕ್ಕೆ ಕಾಲು ಇಳಿಬಿಟ್ಟು ಕೂರುವುದು. ಹಾಸಿಗೆ ಎಷ್ಟು ಬಿಳಿ ಎಳೆ ಸೇರಿಸಿದರೆ ಅಂಚು ಹೇಗೆ ಬರುತ್ತದೆ, ಎಲ್ಲಿ ಕಂದು ನಿಲ್ಲಿಸಬೇಕು, ಇದೆಲ್ಲ ತಲೆಯೊಳಗೇ ಇರುತ್ತದೆ, ಕಾಗದದಲ್ಲಿಲ್ಲ. ಕರೀ ಬಣ್ಣ ಕುರಿಯ ಮೈಯದೇ. ಇಷ್ಟನ್ನೂ ಬಲ್ಲವರು ಮೆಟೀರಿಯಲ್, ನಾಲ್ಕು ಗೆರೆ ಹೊಲಿದವರು ಕಲಾವಿದರು.

"ಕಂಬಳಿ ಕಸುಬು, ಕಲೆ ಅಲ್ಲ" ಅಂತ ನಮ್ಮ ಮೇಷ್ಟ್ರುಗಳೂ ಹೇಳುವುದುಂಟು. ಮಳೆಗೆ ಕೊಪ್ಪೆ ಹಾಕಿಕೊಳ್ಳುವ ವಸ್ತು ಕಲೆ ಹೇಗಾದೀತು ಅಂತ. ಹಾಗಾದರೆ ಲೇಪಾಕ್ಷಿಗೆ ಹೋಗಿ ಬನ್ನಿ. ಅಚ್ಯುತರಾಯನ ಕಾಲದ ಆ ವೀರಭದ್ರನ ಗುಡಿಯ ಛಾವಣಿಯಲ್ಲಿ ಬರೆದ ಹೆಂಗಸರ ಸೀರೆಗಳನ್ನು ನೋಡಿ. ಒಂದರ ಹಾಗೆ ಇನ್ನೊಂದಿಲ್ಲ. ಉಡುವ ಬಟ್ಟೆಯನ್ನು ಅಷ್ಟು ಕಣ್ಣಿಟ್ಟು ನೋಡಿ ದೇವರ ತಲೆಯ ಮೇಲೆ ಬರೆದವರಿಗೆ ನೇಯ್ಗೆ ಕೀಳು ಅನ್ನಿಸಿರಲಿಲ್ಲ. ಆದರೆ ಅಲ್ಲೂ ನಮ್ಮ ರೋಗ ಇದೆ ನೋಡಿ. ಗುಡಿ ಕಟ್ಟಿಸಿದ ವಿರೂಪಣ್ಣನ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಆತ ತನ್ನ ಕಣ್ಣು ಕಿತ್ತು ಗೋಡೆಗೆ ಎಸೆದನಂತೆ ಅಂತ ಕಲೆ ತೋರಿಸುತ್ತಾರೆ. ಛಾವಣಿಗೆ ಬಣ್ಣ ಹಚ್ಚಿದವನ ಹೆಸರು ಹೇಳುವವರು ಯಾರಿದ್ದಾರೆ?

ಹೆಸರಿನಿಂದ ಏನಾಗುತ್ತದೆ, ಹೊಟ್ಟೆ ತುಂಬುತ್ತದಾ ಅಂತ ಕೇಳಬಹುದು. ಧರ್ಮವರಂ ಹತ್ತಿರದ ನಿಮ್ಮಲಕುಂಟ ನೋಡಿ. ತೊಗಲು ಗೊಂಬೆಯ ಆಟ ನೋಡುವವರು ಕಡಿಮೆಯಾದರೂ ಗೊಂಬೆ ಮಾಡುವ ಕೈ ನಿಂತಿಲ್ಲ. ದೀಪದ ಮರೆಯಾಗಿ, ಗೋಡೆಯ ಚಿತ್ರವಾಗಿ ಪಟ್ಟಣಕ್ಕೆ ಹೋಗುತ್ತಿದೆ. ಆ ಊರಿನ ದಳವಾಯಿ ಚಲಪತಿರಾವ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಕೊಳ್ಳುವವರು ಊರನ್ನು ಕೇಳಿಕೊಂಡು, ಮನೆಯನ್ನು ಕೇಳಿಕೊಂಡು ಬರುತ್ತಾರೆ. ಕಂಬಳಿಗೆ ಕೇಳಿಕೊಂಡು ಬರಲು ಹೆಸರೇ ಇಲ್ಲ. ಚಳ್ಳಕೆರೆಗೆ ಹೋಗಿ ಸೇರಿದ ಮೇಲೆ ಅದು ಚಳ್ಳಕೆರೆ ಕಂಬಳಿ, ಅಷ್ಟೇ.

ಇತ್ತ ಊರಲ್ಲಿ ಏನಾಗಿದೆ? ಕುರಿ ಬೇಕಾದಷ್ಟಿವೆ, ಆದರೆ ಉಣ್ಣೆಯ ಕುರಿ ಕರಗುತ್ತಿದೆ. ಮಾಂಸಕ್ಕೆ ಬೆಲೆ, ಅದಕ್ಕೇ ಉಣ್ಣೆಯಿಲ್ಲದ ನೆಲ್ಲೂರು ತಳಿ ತಂದು ಕಟ್ಟುತ್ತಿದ್ದೇವೆ. ಕುರಿ ಸಾಕಿದವನ ತಪ್ಪೇನಿಲ್ಲ. ಕತ್ತರಿಸುವ ಕೂಲಿಯೂ ಹುಟ್ಟದ ಉಣ್ಣೆಯನ್ನು ಅವನು ತಿಪ್ಪೆಗೆ ಹಾಕದೆ ಇನ್ನೇನು ಮಾಡಬೇಕು? ಹೊದೆಯಲು ಪಾಣಿಪತ್ತಿನ ಮೆತ್ತನೆ ರಗ್ಗು ಸಿಗುತ್ತದೆ. ಕಂಬಳಿ ಬೇಕಾಗುವುದು ಮದುವೆಯಲ್ಲಿ ಹಾಸಲು, ಬೀರಪ್ಪನ ಗದ್ದುಗೆಗೆ. ಗ್ಯಾಲರಿಯವರು ಉಣ್ಣೆಯನ್ನು ಹೊಗಳುವ ಹೊತ್ತಿಗೆ ಉಣ್ಣೆ ಕೊಡುವ ಕುರಿಯೇ ಇರುವುದಿಲ್ಲ, ಮಗ್ಗದ ಗುಂಡಿಗೆ ಮಣ್ಣು ತುಂಬಿ ಸೌದೆ ಪೇರಿಸಿರುತ್ತೇವೆ.

ಗ್ಯಾಲರಿಗಳನ್ನು ಇಷ್ಟು ಬೈದ ಮೇಲೆ ನಮ್ಮನ್ನೂ ಬಿಡಬಾರದು. ಊರಲ್ಲಿ ಕಂಬಳಿಯನ್ನು ನಾವು ಹೇಗೆ ಗುರುತಿಸುತ್ತೇವೆ? ಇಂಥವರ ಮಗ್ಗದ್ದು ಅಂತ ಗಂಡಸಿನ ಹೆಸರಲ್ಲಿ. ನೂತವಳ ಹೆಸರು ನಾವೂ ಹೇಳುವುದಿಲ್ಲ. ಸಣ್ಣ ಎಳೆ, ಸಮನಾದ ಎಳೆ ತೆಗೆಯುವ ಅವ್ವಂದಿರು ಯಾರು ಅಂತ ನೇಕಾರನಿಗೆ ಗೊತ್ತು, ಅವನೂ ಬಾಯಿ ಬಿಡುವುದಿಲ್ಲ. ಪಟ್ಟಣದವರು ನಮ್ಮನ್ನು ಮೆಟೀರಿಯಲ್ ಅಂದರೆ ನಾವು ಮನೆಯಲ್ಲಿ ಅವಳನ್ನು ಅದೇ ಅಂದ ಹಾಗಾಯಿತಲ್ಲ.

ಇನ್ನು ನಮ್ಮ ಬೇಸಿಗೆ ಶಿಬಿರಗಳು. ಕಲ್ಯಾಣದುರ್ಗದ ಅಂಗಡಿಯಿಂದ ಬಣ್ಣಬಣ್ಣದ ಉಲ್ಲನ್ ದಾರ ತಂದು ಮಕ್ಕಳ ಕೈಯಲ್ಲಿ ಹೂವು ಮಾಡಿಸುತ್ತೇವೆ. ಹೆಸರಿಗೆ ಉಲ್ಲನ್, ಒಳಗೆಲ್ಲ ಅಕ್ರಿಲಿಕ್. ಕುರಿ ಅದರ ಕಡೆ ತಲೆಯೆತ್ತಿ ನೋಡಿಲ್ಲ. ಅದೇ ಬೀದಿಯ ತಿಪ್ಪೆಯಲ್ಲಿ ನಿಜವಾದ ಉಣ್ಣೆ ಬಿದ್ದಿರುತ್ತದೆ. ಕಂಬಳಿ ಮೇಲೆ ಕೂತು ಉಣ್ಣುತ್ತ ಕೂದಲು ಆರಿಸಿದ ಹಾಗೆ ಅನ್ನುವ ಗಾದೆ ಇದೆ. ನಾವು ಕಂಬಳಿ ಮೇಲೆ ಕೂತು ಕಂಬಳಿಯನ್ನೇ ಮರೆತವರು.

ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ 1769ರಿಂದ ಒಂದು ವರ್ಷವೂ ತಪ್ಪದೆ ಬೇಸಿಗೆ ಪ್ರದರ್ಶನ ನಡೆಯುತ್ತಿದೆ. ಯಾರು ಬೇಕಾದರೂ ತಮ್ಮ ಕೃತಿ ಕಳಿಸಬಹುದು, ಆರಿಸುವವರು ಆರಿಸುತ್ತಾರೆ. ರಾಜನ ಹೆಸರಿನ ಸಂಸ್ಥೆ ಬಾಗಿಲು ತೆರೆದಿಡಬಹುದಾದರೆ ನಮ್ಮ ಹೋಬಳಿಗಳ, ಮಂಡಲಗಳ ಪಟ್ಟಣಗಳಲ್ಲಿ ಯಾಕಾಗಬಾರದು? ಅನಂತಪುರ, ಹಿಂದೂಪುರ, ಚಿತ್ರದುರ್ಗ, ಬಳ್ಳಾರಿ, ಎಲ್ಲಾದರೂ ಸರಿ, ಬೇಸಿಗೆಯಲ್ಲಿ ನಾರಿನ ಕಲೆ ತೋರಿಸುವವರು ನೇಯ್ದವರಿಂದಲೂ ನೇರವಾಗಿ ತರಿಸಿಕೊಳ್ಳಲಿ. ಚೀಟಿಯಲ್ಲಿ ಕುರಿ ಸಾಕಿದವರು, ನೂತವರು, ನೇಯ್ದವರು, ಮೂರು ಹೆಸರೂ ಇರಲಿ. ಮಾರಾಟವಾದರೆ ಗೆರೆ ಹೊಲಿದವರಿಗೆ ಬಂದ ದುಡ್ಡಿನಲ್ಲಿ ಅವರಿಗೂ ಪಾಲಿರಲಿ. ಇದು ದಾನದ ಮಾತಲ್ಲ, ಲೆಕ್ಕದ ಮಾತು.

ಅವರು ಮಾಡುವವರೆಗೆ ನಾವು ಕಾಯಬೇಕಾಗಿಲ್ಲ. ಏಪ್ರಿಲ್ ಕೊನೆಗೆ ಶಾಲೆ ಮುಚ್ಚಿದರೆ ಜೂನ್‌ವರೆಗೆ ಕೋಣೆಗಳು ಖಾಲಿ. ವಾಚನಾಲಯದ ಗೋಡೆಯೂ ಇದೆ. ಮನೆಮನೆಯ ಪೆಟ್ಟಿಗೆಯಲ್ಲಿ ಮಡಚಿಟ್ಟ ಹಳೇ ಕಂಬಳಿಗಳನ್ನು ಮಕ್ಕಳು ಕೇಳಿ ತರಲಿ, ನೂತವರು ಯಾರು ಅಂತ ಅಜ್ಜಿಯರನ್ನು ಕೇಳಿ ಬರೆದುಕೊಳ್ಳಲಿ. ಚೀಟಿ ಕನ್ನಡದಲ್ಲೂ ಇರಲಿ ತೆಲುಗಲ್ಲೂ ಇರಲಿ, ಗೊಂಗಡಿ ಅನ್ನುವವರೂ ನಮ್ಮವರೇ. ಹೊರಗೆ ಬೀದಿಯಲ್ಲಿ ಒಂದು ಹಾಸು ಕಟ್ಟಿ ಅಂಟು ಬಳಿದು ತೋರಿಸಲು ಯಾರಾದರೂ ಒಪ್ಪಿದರೆ ಬಿಸಿಲಂತೂ ಧಾರಾಳವಾಗಿದೆ. ಹುಣಸೆ ಬೀಜ ನಾನು ತರುತ್ತೇನೆ. 'ಮುಟ್ಟಬೇಡಿ' ಬೋರ್ಡು ಮಾತ್ರ ಬೇಡ.