ಕೂತು ಮಾತಾಡೋದಂತೆ!

2020ರ ಮಾರ್ಚ್ 29ರಂದು ಕೇಂದ್ರ ಗೃಹ ಇಲಾಖೆ ಆಜ್ಞೆ ಹೊರಡಿಸಿತು: ಲಾಕ್‌ಡೌನಿನಲ್ಲಿ ಬಾಗಿಲು ಮುಚ್ಚಿದ್ದರೂ ಕೆಲಸಗಾರರ ಕೂಲಿಯಲ್ಲಿ ಬಿಡಿಗಾಸೂ ಮುರಿಯಕೂಡದು. ನಮ್ಮವರು ನಂಬಿದರು. ಮಾಲೀಕರು ಸುಪ್ರೀಂ ಕೋರ್ಟಿಗೆ ಓಡಿದರು. ಮೇ 17ಕ್ಕೆ ಸರ್ಕಾರವೇ ಆಜ್ಞೆಯನ್ನು ಹಿಂದಕ್ಕೆ ಪಡೆಯಿತು. ಜೂನ್ 12ರಂದು ಕೋರ್ಟು ಹೇಳಿದ್ದೇನು? ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ. ಆ 50 ದಿನದ ಕೂಲಿಯನ್ನು ಇಬ್ಬರೂ ಕೂತು ಮಾತಾಡಿ ಬಗೆಹರಿಸಿಕೊಳ್ಳಿ. ಆಗದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ.

ಯಾರ ಎದುರು ಯಾರು ಕೂರೋದು ಸ್ವಾಮಿ? ಗೌಡರ ಜಗಲಿ ಮೇಲೆ ನಮ್ಮಪ್ಪಂದಿರನ್ನ ಯಾವತ್ತು ಕೂರಿಸಿದ್ರು? ಕೋರ್ಟು ಈ ಮಾತು ಹೇಳೋ ಹೊತ್ತಿಗೆ ನಮ್ಮವರು ಗಂಟು ಹೊತ್ತು ಊರ ದಾರಿ ಹಿಡಿದಾಗಿತ್ತು.

ಆಗ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯೂ ಲೇಆಫ್ ಆದ ಕಾರ್ಖಾನೆ ಆಳಿಗೆ ಅರ್ಧ ಸಂಬಳ ಅಂದಿತ್ತು. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿರಬೇಕು, ವರ್ಷ ತುಂಬಿರಬೇಕು, ಬದಲಿ ಆಳಾಗಿರಬಾರದು. ಕಟ್ಟಡ ಕೂಲಿಗೆ ಅದೂ ಇಲ್ಲ. ಮೇಸ್ತ್ರಿಯ ಪುಸ್ತಕದಲ್ಲಿ ನಮ್ಮವ್ವ ಬರೀ ಒಂದು ಗೀಟು!

ಬಾಬಾಸಾಹೇಬರು ಇದನ್ನು ಎಂದೋ ಕಂಡಿದ್ದರು. ಮುಷ್ಕರದ ಹಕ್ಕಿಗೆ ಕತ್ತರಿ ಹಾಕುವ ಮಸೂದೆ ಬಂದಾಗ, 1938ರ ನವೆಂಬರ್ 7ರಂದು ಮುಂಬಯಿಯ ಕಾರ್ಮಿಕರ ಜೊತೆ ಮುಷ್ಕರಕ್ಕೇ ಇಳಿದರು. ಒಗ್ಗಟ್ಟಿಲ್ಲದ ಕೂಲಿಯ ಮಾತು ಬೇಡಿಕೆಯಲ್ಲ, ಭಿಕ್ಷೆ.

ಹಾಸ್ಟೆಲಿನ ಗೆಳೆಯರೇ, ನಮಗೆ ಅಕ್ಷರ ಬಂದಿದೆ. ರಜೆಗೆ ಊರಿಗೆ ಹೋದಾಗ ಅಪ್ಪ ಅವ್ವ ದುಡಿದ ದಿನ, ಮೇಸ್ತ್ರಿಯ ಹೆಸರು, ಬಾಕಿ ಕೂಲಿ, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡೋಣ. ಗೀಟಿದ್ದ ಕಡೆ ಹೆಸರು ಬರೆಯೋಣ. ನಾಳೆ ಮಾತಿಗೆ ಕೂರಲೇಬೇಕಾದರೆ ಒಬ್ಬೊಬ್ಬರಾಗಿ ಅಲ್ಲ, ಆ ಪುಸ್ತಕ ಹಿಡಿದು ಇಡೀ ಹಟ್ಟಿಯೇ ಕೂರಲಿ.