ನಪಾಸಾದ ಮರುದಿನ

ಪರೀಕ್ಷೆಯ ಫಲಿತಾಂಶ ಈಗ ಅಂಗೈಯಲ್ಲಿಯ ಫೋನಿಗೇ ಬಂದು ಬೀಳುತ್ತದೆ. ಆದರೆ ನಪಾಸಾದವನ ಸಂಕಟ ಅಂಗೈಯಲ್ಲಿ ಅಡಗುವಂಥದಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿಯಂತಹ ಊರುಗಳಲ್ಲಿ ಕ್ರೈಸ್ತರು ಕೆಲವರೇ. ರವಿವಾರದ ಆರಾಧನೆಗೆ ಕೂಡುವವರೆಲ್ಲ ಒಬ್ಬರಿಗೊಬ್ಬರು ಪರಿಚಿತರು. ಆದುದರಿಂದ ಅನುತ್ತೀರ್ಣನಾದ ಕಾಲೇಜು ತರುಣನಿಗೆ ಪರೀಕ್ಷಾ ಕೊಠಡಿಗಿಂತ ದೇವಾಲಯದ ಹೊಸ್ತಿಲೇ ದಾಟಲು ಕಠಿಣವೆನಿಸುತ್ತದೆ. ಕೇಳುವವರ ಪ್ರಶ್ನೆ ಒಂದಾದರೆ, ಅವನ ಎದೆಯೊಳಗಿನ ಪ್ರಶ್ನೆ ಇನ್ನೊಂದು: ಇಷ್ಟು ಪ್ರಾರ್ಥಿಸಿಯೂ ಹೀಗಾಯಿತೆಂದರೆ ದೇವರು ಕೈಬಿಟ್ಟನೆ?

ಈ ಸಂಕಟ ಹೊಸದಲ್ಲ. 1820ರಲ್ಲಿ ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ಜಾನ್ ಹೆನ್ರಿ ನ್ಯೂಮನ್ ಎಂಬ ದೈವಭಕ್ತ ವಿದ್ಯಾರ್ಥಿಯಿದ್ದ. ವಯಸ್ಸು ಹತ್ತೊಂಬತ್ತು. ದಿನಕ್ಕೆ ಹನ್ನೆರಡು ತಾಸು ಓದಿ ಬಳಲಿದವನು ಕೊನೆಯ ಪರೀಕ್ಷೆಯಲ್ಲಿ ಧೃತಿಗೆಟ್ಟು ಕುಸಿದ. ಪ್ರಥಮ ದರ್ಜೆಯನ್ನು ನಿರೀಕ್ಷಿಸಿದ್ದವನ ಹೆಸರು ಪ್ರಾಚೀನ ಭಾಷೆಗಳ ಪಟ್ಟಿಯಲ್ಲಿ ತೀರ ಕೆಳಗೆ ಬಂತು. ಗಣಿತದ ಪಟ್ಟಿಯಲ್ಲಿ ಬರಲೇ ಇಲ್ಲ. ಆದರೆ ಅವನು ಪುಸ್ತಕ ಮುಚ್ಚಲಿಲ್ಲ. 1822ರ ಏಪ್ರಿಲ್ 12ರಂದು, ಮತ್ತೊಂದು ಕಠಿಣ ಪರೀಕ್ಷೆಯನ್ನೆದುರಿಸಿ, ಓರಿಯಲ್ ಕಾಲೇಜಿನ ಫೆಲೋ ಆಗಿ ಆಯ್ಕೆಯಾದ. ಅವನೇ 1879ರಲ್ಲಿ ಕಾರ್ಡಿನಲ್ ಆದ. 2019ರಲ್ಲಿ ಸಂತನೆಂದು ಘೋಷಿತನಾದ.

ಸೋತವರೆಲ್ಲ ನ್ಯೂಮನ್ ಆಗುವರೆಂದಲ್ಲ. ಆ ಪಟ್ಟಿ ಅಳೆದದ್ದು ದಣಿದ ತರುಣನೊಬ್ಬನ ಕೆಲವು ದಿನಗಳನ್ನು ಮಾತ್ರ. ಅವನ ಬುದ್ಧಿಯನ್ನಾಗಲಿ ಭಕ್ತಿಯನ್ನಾಗಲಿ ಅಲ್ಲ. ಸೋಲಿಗೆ ಪಾಪವನ್ನು ಹುಡುಕುವ ಮೊದಲು ಕಾರಣವನ್ನು ಹುಡುಕಬೇಕು. ನಿಪ್ಪಾಣಿ, ಕಾಗವಾಡದ ಗಡಿಸೀಮೆಯಲ್ಲಿ ಎಷ್ಟೋ ಮಕ್ಕಳಿಗೆ ಮನೆಯ ಮಾತು ಮರಾಠಿ, ಪೇಟೆಯ ಮಾತು ಕನ್ನಡ, ಕಾಲೇಜಿನ ವಿಜ್ಞಾನದ ಪುಸ್ತಕ ಇಂಗ್ಲಿಷ್. ಇಂಥವರಿಗೆ ವಿಷಯ ತಿಳಿದರೂ ವಾಕ್ಯ ತಿಳಿಯದು. ಕಬ್ಬಿನ ಕಟಾವು ನಡೆಯುವುದೂ ಓದಿನ ಮುಖ್ಯ ತಿಂಗಳುಗಳಲ್ಲಿಯೇ. ಹೊಲದಲ್ಲಿ ದುಡಿದು ಬಂದ ಹುಡುಗನಿಗೆ ದೀಪದ ಮುಂದೆ ಕಣ್ಣು ಕೂಡುತ್ತವೆ. ಇವು ದೈವಕೋಪದ ಗುರುತುಗಳಲ್ಲ; ಶಿಕ್ಷಕರ ನೆರವಿನಿಂದ, ಮನೆಯವರ ವಿವೇಕದಿಂದ ತಿದ್ದಬಹುದಾದ ಕೊರತೆಗಳು.

ಪರೀಕ್ಷೆಯ ವ್ಯವಸ್ಥೆಯೂ ಹಿಂದಿನಷ್ಟು ನಿಷ್ಠುರವಾಗಿ ಉಳಿದಿಲ್ಲ. 2024ರಲ್ಲಿ ಕರ್ನಾಟಕದ ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ದೊರೆಯಿತು. ಅವುಗಳಲ್ಲಿ ಉತ್ತಮವಾದ ಅಂಕವನ್ನೇ ಉಳಿಸಿಕೊಳ್ಳಬಹುದಾಗಿತ್ತು. ಆದರೆ ಎರಡನೆಯ ಸಲ ಕುಳಿತುಕೊಳ್ಳಲು ಪ್ರವೇಶಪತ್ರವೊಂದೇ ಸಾಲದು. ಮನೆಯಲ್ಲಿ ತಲೆಯೆತ್ತಿ ಊಟಕ್ಕೆ ಕುಳಿತುಕೊಳ್ಳುವ ಧೈರ್ಯವೂ ಬೇಕು.

ಆ ಧೈರ್ಯವನ್ನು ಕೊಡಬೇಕಾದವರು ತಂದೆತಾಯಿಗಳು, ಸಭೆಯ ಹಿರಿಯರು. ತನ್ನ ಗುರುವನ್ನು ಅರಿಯೆನೆಂದು ಮೂರು ಸಲ ನುಡಿದ ಪೇತ್ರನಿಗೆ ಆ ಗುರುವೇ ತನ್ನ ಮಂದೆಯನ್ನು ಒಪ್ಪಿಸಿದ ಕಥೆಯನ್ನು ಅವರು ಎಷ್ಟು ಸಲ ಕೇಳಿಲ್ಲ! ಅದನ್ನು ನಂಬಿದವರ ಮನೆಯಲ್ಲಿ, ಒಂದು ವಿಷಯದಲ್ಲಿ ನಪಾಸಾದ ಮಗನಿಗೆ ಮರುದಿನದ ಮುಂಜಾನೆ ಎಂದಿನಂತೆ ಬಿಸಿ ರೊಟ್ಟಿಯೂ, ಓದಲು ಒಂದು ಶಾಂತವಾದ ಮೂಲೆಯೂ ದೊರೆಯಲಿ. ಅಂಕಗಳ ಮಾತನ್ನು ಆಮೇಲೆ ಆಡಬಹುದು.