ತೋಟದಲ್ಲಿ ಬೆಂಕಿ ಹಚ್ಚುವ ಮುನ್ನ

ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರವಾಗುತ್ತಿದ್ದಂತೆ ನಮ್ಮ ಕಡೆಯ ಗುಡ್ಡಗಳಲ್ಲಿ ಅಲ್ಲಲ್ಲಿ ಹೊಗೆ ಏಳತೊಡಗುತ್ತದೆ. ಕಾಫಿ ಕುಯ್ಲು ಮುಗಿದಿರುತ್ತದೆ, ಇಲ್ಲವೆ ಮುಗಿಯುವ ಹಂತದಲ್ಲಿರುತ್ತದೆ. ಕಪಾತು ಮಾಡಿದ ರೆಂಬೆಗಳು ಸಾಲುಗಳ ನಡುವೆ ಒಣಗಿ ಬಿದ್ದಿರುತ್ತವೆ. ಅಡಿಕೆ ಸುಲಿದವರ ಅಂಗಳದಾಚೆ ಸಿಪ್ಪೆಯ ರಾಶಿ ಬೆಳೆದಿರುತ್ತದೆ. ಬ್ಯಾಣದ ಹುಲ್ಲು ಮಂಡಿಯೆತ್ತರ ನಿಂತು ಒಣಗಿರುತ್ತದೆ. ಇವೆಲ್ಲಕ್ಕೂ ನಮ್ಮಲ್ಲಿ ಅನೇಕರು ಕಂಡುಕೊಂಡ ಸುಲಭೋಪಾಯ ಒಂದೇ, ಒಂದು ಬೆಂಕಿಕಡ್ಡಿ. ಕೇಳಿದರೆ, "ನಮ್ಮ ಜಮೀನು, ನಮ್ಮ ಕಸ, ಯಾರಿಗೇನು ತೊಂದರೆ?" ಎಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವನ್ನು ಸದಸ್ಯ ಬಾಂಧವರು ಮತ್ತೊಮ್ಮೆ ಯೋಚಿಸಬೇಕೆಂಬುದೇ ಈ ಬರಹದ ಉದ್ದೇಶ. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಬೆಂಕಿಯೂ ನಮ್ಮ ಮಾತು ಕೇಳುತ್ತದೆಂದು ಭಾವಿಸುವುದು ಸರಿಯಲ್ಲವೆಂದು ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಮೊದಲು ಕಾನೂನಿನ ಮಾತು. ಸ್ವಂತ ಜಮೀನಿನಲ್ಲಿ ಬೆಂಕಿ ಹಚ್ಚುವುದಕ್ಕೆ ಕಾನೂನು ಅಡ್ಡಿಯಿಲ್ಲವೆಂಬ ನಂಬಿಕೆ ಬೆಳೆಗಾರರಲ್ಲಿ ಬಲವಾಗಿದೆ. ಆದರೆ ಬೆಂಕಿ ಯಾರ ಜಮೀನಿನಲ್ಲಿ ಹೊತ್ತಿತೆಂಬುದಕ್ಕಿಂತ ಅದರಿಂದ ಯಾರಿಗೆ, ಯಾವುದಕ್ಕೆ ಅಪಾಯವಾಯಿತೆಂಬುದನ್ನೇ ಕಾನೂನು ಮುಖ್ಯವಾಗಿ ನೋಡುತ್ತದೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮಿನ ಪ್ರಕಾರ, ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿ ಇತರರ ಜೀವಕ್ಕೆ ಅಪಾಯ ಒಡ್ಡಿದವರಿಗೆ ಆರು ತಿಂಗಳವರೆಗೆ ಸಜೆ, ಇಲ್ಲವೆ 2,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. ಹಾನಿಯಾಗಲೆಂದೇ, ಅಥವಾ ಆಗುವುದೆಂದು ತಿಳಿದೂ ಬೆಂಕಿಯಿಟ್ಟರೆ ಏಳು ವರ್ಷಗಳವರೆಗೆ ಶಿಕ್ಷೆಯಿದೆ. ಬೆಳೆದ ಫಸಲಿಗೆ ಆದ ಹಾನಿಯೂ ಇದರಲ್ಲಿ ಸೇರುತ್ತದೆ. ಕಾಡಿನ ಅಂಚಿನ ಜಮೀನಿನವರು ಇನ್ನೂ ಜಾಗರೂಕರಾಗಿರಬೇಕು. ಮೀಸಲು ಅರಣ್ಯಕ್ಕೆ ಬೆಂಕಿಯಿಂದ ಅಪಾಯ ತರುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಅಪರಾಧ. ಅಭಯಾರಣ್ಯಗಳ ವಿಷಯದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದನ್ನೇ ಮತ್ತಷ್ಟು ಬಿಗಿಯಾಗಿ ಹೇಳುತ್ತದೆ. ಭದ್ರಾ, ಕುದುರೆಮುಖ ಇವುಗಳ ಮಗ್ಗುಲಲ್ಲಿ ತೋಟವಿರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇದಲ್ಲದೆ ನೆರೆಯವರು ನಷ್ಟ ಪರಿಹಾರಕ್ಕೆ ಸಿವಿಲ್ ದಾವೆ ಹೂಡುವ ದಾರಿ ಹೇಗೂ ತೆರೆದೇ ಇದೆ.

ಕಸದ ಮಾತು ಬೇರೆ. ಬಯಲಿನಲ್ಲಿ ತ್ಯಾಜ್ಯ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿಯೇ ನಿಷೇಧಿಸಿ, ಸಾಮಾನ್ಯ ಪ್ರಕರಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಗೊತ್ತುಮಾಡಿತು. ತರಗೆಲೆಯ ಜೊತೆಯಲ್ಲೇ ಗೊಬ್ಬರದ ಚೀಲ, ಸಸಿಮಡಿಯ ಪಾಲಿಥಿನ್ ತೊಟ್ಟೆ, ಹಳೆಯ ಡ್ರಿಪ್ ಪೈಪು, ಔಷಧಿಯ ಖಾಲಿ ಬಾಟಲಿ ಎಲ್ಲವನ್ನೂ ಒಂದೇ ರಾಶಿಗೆ ಎಸೆದು ಬೆಂಕಿ ಕೊಡುವ ಪದ್ಧತಿ ನಮ್ಮಲ್ಲಿ ಬೆಳೆದುಬಿಟ್ಟಿದೆ. ಆ ಹೊಗೆ ಮೊದಲು ಹೋಗುವುದು ಲೈನ್ ಮನೆಯ ಮಕ್ಕಳ ಮೂಗಿಗೆ. ಇದಕ್ಕೆ ಯಾವ ಸಮಜಾಯಿಷಿಯೂ ಇಲ್ಲ.

ಇನ್ನು ಲಾಭ ನಷ್ಟದ ಲೆಕ್ಕ. ಸಿಲ್ವರ್ ಓಕಿನ ಎಲೆ ಬೇಗ ಕೊಳೆಯದೆಂಬುದು ನಿಜ. ಹಾಗೆಂದು ಅದು ಕಸವಲ್ಲ. ತರಗೆಲೆಯನ್ನು ಸುಟ್ಟರೆ ಅದರಲ್ಲಿದ್ದ ಸಾರಜನಕದ ಬಹುಪಾಲು ಹೊಗೆಯಲ್ಲಿ ಹೋಗುತ್ತದೆ. ಪೊಟ್ಯಾಷ್ ಬೂದಿಯಲ್ಲಿ ಉಳಿದರೂ ಮೊದಲ ಜೋರು ಮಳೆಗೆ ಇಳಿಜಾರಿನಲ್ಲಿ ತೊಳೆದುಹೋಗುತ್ತದೆ. ಮಳೆಗಾಲದ ಮುಂಚೆ ಸಂಘದ ಗೋದಾಮಿನಲ್ಲಿ ಸಾಲುಗಟ್ಟಿ ನಿಂತು ಹಣ ಕೊಟ್ಟು ಒಯ್ಯುವುದೂ ಇದನ್ನೇ ಅಲ್ಲವೆ? ಕಾಫಿಗಿಡ ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲಿನ ಒಂದಡಿ ಮಣ್ಣಿನಲ್ಲೇ ಹರಡಿರುತ್ತವೆ. ಮೇಲೆ ಜ್ವಾಲೆ ಕಾಣದಿದ್ದರೂ ತರಗಿನ ಒಳಗೆ ಬೂದಿಮುಚ್ಚಿದ ಕೆಂಡ ಗಂಟೆಗಟ್ಟಲೆ ಹರಿದಾಡಿದರೆ ಆ ಬೇರುಗಳ ಗತಿಯೇನು? ಹೂಮಳೆಗೆ ಕಾಯುತ್ತಿರುವ ಗಿಡಕ್ಕೆ ಆಗ ಬೇಕಾದದ್ದು ಬುಡದ ತಂಪು. ಅಡಿಕೆಯ ಮಾತಂತೂ ಇನ್ನೂ ಸೂಕ್ಷ್ಮ. ಆ ಮರಕ್ಕಿರುವುದು ಒಂದೇ ಸುಳಿ. ಅದು ಬೆಂದರೆ ಮರವೇ ಹೋಯಿತು, ಮತ್ತೆ ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಕಾಯಬೇಕು. ನಮ್ಮ ಹಿರಿಯರು ಸೊಪ್ಪಿನ ಬೆಟ್ಟದಿಂದ ದರಗು ಗುಡಿಸಿ ತಂದು, ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಹೊತ್ತರು. ಈಗ ಆಳಿನ ಕೊರತೆಯಿದೆ, ಕೊಟ್ಟಿಗೆಯಲ್ಲಿ ದನಗಳೂ ಕಡಿಮೆಯಾಗಿವೆ, ಒಪ್ಪುತ್ತೇವೆ. ಆದರೂ ದರಗನ್ನು ಅಲ್ಲೇ ಬುಡಕ್ಕೆ ಸರಿಸಲು ಬೇಕಾದ ಶ್ರಮ, ಬೆಂಕಿಯನ್ನು ಸರಿಯಾಗಿ ಕಾಯಲು ಬೇಕಾದ ಶ್ರಮಕ್ಕಿಂತ ಹೆಚ್ಚೇನಲ್ಲ. ಬೆಂಕಿ ಅಗ್ಗವೆನಿಸುವುದು ಅದನ್ನು ಕಾಯದವರಿಗೆ ಮಾತ್ರ.

ಅಡಿಕೆ ಸಿಪ್ಪೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಿಪ್ಪೆಯ ಬೆಂಕಿ ಹುಲ್ಲಿನ ಬೆಂಕಿಯಂತಲ್ಲ. ಭಗ್ಗೆಂದು ಉರಿದು ಮುಗಿಯುವುದಿಲ್ಲ. ಮೇಲೆ ಕರಿ ಪದರ, ಒಳಗೆ ಕೆಂಡ. ಹೊರನೋಟಕ್ಕೆ ಆರಿದಂತಿದ್ದು ಮೂರು ನಾಲ್ಕು ದಿನ ಒಳಗೇ ಹೊಗೆಯಾಡುತ್ತಿರುತ್ತದೆ. ನಮ್ಮ ನೆರೆಯಲ್ಲಿಯೇ ಹೀಗೆ ಹಚ್ಚಿದ ರಾಶಿಯೊಂದು ಆರಿತೆಂದು ಎಲ್ಲರೂ ಮರೆತ ಮೇಲೆ, ಮೂರನೆಯ ದಿನ ಮಧ್ಯಾಹ್ನದ ಗಾಳಿಗೆ ಕಿಡಿಯೆದ್ದು ಪಕ್ಕದ ಬ್ಯಾಣಕ್ಕೆ ಹತ್ತಿ, ಅಲ್ಲಿಂದ ಅಗಳು ದಾಟಿ ಇನ್ನೊಬ್ಬರ ಕಾಫಿಗೆ ನುಗ್ಗಿತು. ಮರಗಳಿಗೆ ಹಬ್ಬಿಸಿದ್ದ ಮೆಣಸಿನ ಬಳ್ಳಿಗಳು ಬುಡದಿಂದ ಬೆಂದವು. ಎರಡೂ ಮನೆಗಳವರು ಬಂಧುಗಳು. ಆದರೂ ಮಾತು ನಿಂತಿತು. ಸಿಪ್ಪೆಯನ್ನು ಸಗಣಿ ಬಗ್ಗಡದೊಡನೆ ಪದರ ಪದರವಾಗಿ ಗುಂಡಿಗೆ ತುಂಬಿ ತೇವ ಆರದಂತೆ ನೋಡಿಕೊಂಡರೆ, ನಿಧಾನವಾಗಿಯಾದರೂ ಒಳ್ಳೆಯ ಗೊಬ್ಬರವಾಗುತ್ತದೆ. ಅಷ್ಟು ವ್ಯವಧಾನವಿಲ್ಲದವರು ತೋಟದ ಕಪ್ಪಿನಲ್ಲಿ ತೆಳ್ಳಗೆ ಹರಡಲಿ. ರಸ್ತೆಯಂಚಿಗೆ ಸುರಿದು ಬೆಂಕಿಯಿಟ್ಟು, ಹೋಗಿಬರುವವರ ಕಣ್ಣುರಿಸುವುದು ಮಾತ್ರ ಮರ್ಯಾದಸ್ತ ಬೆಳೆಗಾರರ ಲಕ್ಷಣವಲ್ಲ.

ಬೆಂಕಿಯಿಟ್ಟರೆ ಹೊಸ ಹುಲ್ಲು ಚೆನ್ನಾಗಿ ಬರುತ್ತದೆ, ಉಣುಗು ಸಾಯುತ್ತದೆ ಎಂಬ ವಾದವೂ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗುರುತಿಸಲ್ಪಟ್ಟ ಲಾಗಾಯ್ತು ನಮ್ಮ ಜನಕ್ಕೆ ಉಣುಗಿನ ಹೆದರಿಕೆಯಿದೆ, ಇರಬೇಕಾದ್ದೇ. ಮಂಗ ಸತ್ತುಬಿದ್ದದ್ದು ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಅವರು ಬಂದು ಔಷಧಿ ಹೊಡೆಯುತ್ತಾರೆ, ಕಳೇಬರದ ವಿಲೇವಾರಿ ಮಾಡುತ್ತಾರೆ. ಅದಕ್ಕೆ ಬದಲಾಗಿ ಇಡೀ ಗುಡ್ಡಕ್ಕೆ ಕಡ್ಡಿ ಗೀರುವುದು ಚಿಕಿತ್ಸೆಯಲ್ಲ.

ಹಾಗಾದರೆ ಸುಡಲೇಬಾರದೆ? ಸುಡಬೇಕಾದದ್ದು ಇದೆ, ತೊಡಕಿರುವುದೂ ಅಲ್ಲಿಯೇ. ಅರೇಬಿಕಾದಲ್ಲಿ ಬಿಳಿ ಕಾಂಡಕೊರಕ ಹೊಕ್ಕ ಗಿಡವನ್ನು ಕಿತ್ತು ಸುಡಬೇಕೆಂಬುದು ಕಾಫಿ ಮಂಡಳಿಯ ಬಹುಕಾಲದ ಸಲಹೆ. ದುಂಬಿ ಹೊರಬಂದು ಹಾರಾಡುವುದು ಏಪ್ರಿಲ್-ಮೇ ತಿಂಗಳುಗಳಲ್ಲಿ, ಮತ್ತೆ ಮಳೆಗಾಲದ ನಂತರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಅಂದರೆ ಮೊದಲನೆಯ ಹಾರಾಟಕ್ಕೆ ಮುಂಚೆ ಗಿಡ ಪತ್ತೆಮಾಡಿ ಕೀಳುವ ಕಾಲ ಮಾರ್ಚ್. ಅದೇ ಅತ್ಯಂತ ಅಪಾಯದ ತಿಂಗಳು. ಬೆಂಕಿಗೆ ಹೆದರಿ ಕಿತ್ತ ಕಾಂಡಗಳನ್ನು ಬೇಲಿಯಂಚಿನಲ್ಲಿ ಒಟ್ಟಿಟ್ಟರೆ ಒಳಗಿನ ಹುಳು ದುಂಬಿಯಾಗಿ ನಮ್ಮ ಮತ್ತು ನೆರೆಯವರ ಗಿಡಗಳಿಗೇ ಬರುತ್ತದೆ. ಇದಕ್ಕೊಂದು ದಾರಿಯಿದೆ. ಸೌದೆಗೆ ಬೇಕೆನ್ನುವವರು ಕಾಂಡಗಳನ್ನು ಏಳರಿಂದ ಹತ್ತು ದಿನ ನೀರಿನಲ್ಲಿ ಪೂರಾ ಮುಳುಗಿಸಿಟ್ಟರೆ ಹುಳು ಸಾಯುತ್ತದೆ. ಕೆರೆಯೋ ಹೊಂಡವೋ ಇರುವವರು ಇದನ್ನೇ ಅನುಸರಿಸಲಿ ಎಂಬುದು ನಮ್ಮ ಅಭಿಪ್ರಾಯ. ಒಲೆಗೂ ಆಯಿತು, ಗುಡ್ಡಕ್ಕೂ ಕ್ಷೇಮ. ಅಡಿಕೆಯ ಎಲೆಚುಕ್ಕೆ ರೋಗದಲ್ಲಿಯೂ ತೀರ ಹಾಳಾದ ಸೋಗೆಗಳನ್ನು ಕಡಿದು ಸುಡಲು ತಜ್ಞರು ಹೇಳುತ್ತಾರೆ. ಅದನ್ನು ತಪ್ಪಿಸುವಂತಿಲ್ಲ. ಸುಡುವ ಕ್ರಮ ಮಾತ್ರ ಸರಿಯಾಗಿರಬೇಕು.

ಕ್ರಮವೆಂದರೆ ದೊಡ್ಡ ವಿದ್ಯೆಯೇನಲ್ಲ. ರಾಶಿ ಹಾಕುವ ಬದಲು ಗುಂಡಿ ತೋಡಿ ಅದರಲ್ಲಿ ಸ್ವಲ್ಪ ಸ್ವಲ್ಪವಾಗಿ ಸುಡಬೇಕು. ಗುಂಡಿಯ ಸುತ್ತ ಹತ್ತು ಹನ್ನೆರಡು ಅಡಿ ಮಣ್ಣು ಕಾಣುವಂತೆ ಕೆತ್ತಿ ಗುಡಿಸಿರಬೇಕು. ಮೇಲೆ ಮರದ ಕೊಂಬೆಯಾಗಲಿ ಕರೆಂಟಿನ ತಂತಿಯಾಗಲಿ ಇರಕೂಡದು. ಕೆಲಸ ಬೆಳಗಿನ ಇಬ್ಬನಿಯ ತೇವ ಇರುವಾಗಲೇ ಆರಂಭವಾಗಿ, ಹತ್ತು ಗಂಟೆಯೊಳಗೆ ಮುಗಿಯಬೇಕು. ಮಧ್ಯಾಹ್ನವಾದರೆ ಬಿಸಿಲಿಗೆ ಒಣಗಿ ಗಾಳಿ ಏಳುತ್ತದೆ, ಏರು ನೆಲದಲ್ಲಿ ಬೆಂಕಿ ಕುದುರೆಯಂತೆ ಓಡುತ್ತದೆ. ಇಳಿಜಾರಿನ ಬುಡದಲ್ಲಿ ಎಂದೂ ಹಚ್ಚಬಾರದು. ನೀರು ತುಂಬಿದ ಎರಡು ಬೆನ್ನಿನ ಸ್ಪ್ರೇಯರು, ಹಸಿ ಸೊಪ್ಪಿನ ಕೊಂಬೆ, ಗುದ್ದಲಿ, ಕನಿಷ್ಠ ಮೂರು ಜನ ಸ್ಥಳದಲ್ಲಿರಬೇಕು. ಹೊತ್ತಿಸಲು ಪೆಟ್ರೋಲು ಸುರಿಯುವ ಸಾಹಸ ಬೇಡವೇ ಬೇಡ. ನೈಲಾನು, ಪಾಲಿಯೆಸ್ಟರ್ ಬಟ್ಟೆ ತೊಟ್ಟವರನ್ನು ಹತ್ತಿರ ಬಿಡಬಾರದು. ಸೀರೆಯ ಸೆರಗಿಗೆ ಕಿಡಿ ತಗುಲಿದರೆ ಆ ಬಟ್ಟೆ ಕರಗಿ ಮೈಗೆ ಅಂಟುತ್ತದೆ. ಮುಗಿದ ಮೇಲೆ ಬೂದಿಯನ್ನು ಕೆದಕಿ ನೀರು ಹಾಕಿ, ಮತ್ತೆ ಕೆದಕಿ, ಹಿಂಗೈಯನ್ನು ಹತ್ತಿರ ಹಿಡಿದಾಗ ಬಿಸಿ ತಾಗದೆಂದು ಖಾತರಿಯಾಗುವವರೆಗೆ ಯಾರೂ ಸ್ಥಳ ಬಿಡಬಾರದು. ಕೈಮೀರಿತೆಂದು ಕಂಡ ಕ್ಷಣವೇ 112ಕ್ಕೆ ಫೋನು ಮಾಡಬೇಕು. ನಮ್ಮಲ್ಲೇ ಆರಿಸೋಣವೆಂದು ಅರ್ಧ ಗಂಟೆ ಕಳೆಯುವುದು ದುಬಾರಿಯಾದೀತು.

ಇನ್ನೊಂದು ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. "ಆ ಕಸಕ್ಕೆ ಬೆಂಕಿ ಹಾಕು" ಎಂದು ಆಳಿಗೆ ಹೇಳಿ ಪೇಟೆಗೆ ಹೊರಡುವ ಮಾಲೀಕರಿದ್ದಾರೆ. ಬೆಂಗಳೂರಿನಿಂದ ಫೋನಿನಲ್ಲಿಯೇ ಅಪ್ಪಣೆ ಕೊಡುವವರೂ ಇದ್ದಾರೆ. ಏನಾದರೂ ಆದರೆ ಕಡ್ಡಿ ಗೀರಿದವನ ಹೆಸರು ಮುಂದೆ ಬರುತ್ತದೆ. ಇದು ನ್ಯಾಯವಲ್ಲ. ಮಾಲೀಕರು ಅಥವಾ ಅವರ ರೈಟರು ಖುದ್ದಾಗಿ ನಿಲ್ಲದ ಕಡೆ ಬೆಂಕಿ ಹಚ್ಚಲು ಒಪ್ಪದ ಹಕ್ಕು ಆಳಿಗಿರಬೇಕು.

ಅರಣ್ಯ ಇಲಾಖೆಯವರಿಗೂ ಎರಡು ಮಾತು. ಕಾಡಿನ ಬೆಂಕಿಯೆಂದರೆ ಏನೆಂಬುದನ್ನು ನಾವು ಅರಿಯದವರಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಮೀರಿ ಸುಟ್ಟಿತು. 2023ರ ಫೆಬ್ರವರಿಯಲ್ಲಿ ನಮ್ಮ ನೆರೆಯ ಸಕಲೇಶಪುರ ತಾಲ್ಲೂಕಿನಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಸುಟ್ಟ ಗಾಯಗಳಿಂದ ತೀರಿಕೊಂಡರು. ಆ ಕುಟುಂಬದ ದುಃಖ ನಮ್ಮದೂ ಹೌದು. ಆದರೆ ಬೆಂಕಿ ಕಂಡು ಮೊದಲು ತಿಳಿಸಿದವರನ್ನೇ ಮೊದಲು ಸಂಶಯಿಸುತ್ತಾರೆಂಬ ಭಯ ಹಳ್ಳಿಗಳಲ್ಲಿ ಬೇರೂರಿದೆ. ಈ ಭಯವಿರುವ ತನಕ ಜನ ಬೆಂಕಿ ಕಂಡರೂ ಕಾಣದವರಂತೆ ಬಾಗಿಲು ಹಾಕಿಕೊಳ್ಳುತ್ತಾರೆ. ತಿಳಿಸಿದವರ ಹೆಸರನ್ನು ಕೇಳುವುದಿಲ್ಲವೆಂಬ ಭರವಸೆ ಬೇಕು. ಜಮೀನಿನಂಚಿನ ಬೆಂಕಿ ರೇಖೆಗಳನ್ನು ಹುಲ್ಲು ಒಣಗುವ ಮೊದಲೇ, ಜನವರಿಯೊಳಗೆ ಕೆತ್ತಿ ಮುಗಿಸಬೇಕು. ನಮ್ಮ ಕಡೆಯಿಂದ ಆಳು ಕೊಡಲು ಅಂಚಿನ ಬೆಳೆಗಾರರು ಸಿದ್ಧರಿದ್ದಾರೆಂದು ನಾವು ಬಲ್ಲೆವು.

ಇಷ್ಟರ ಮೇಲೆ ಸಂಘದ ಮಟ್ಟದಲ್ಲಿಯೇ ಒಂದು ಕಟ್ಟುಪಾಡು ಮಾಡಿಕೊಳ್ಳುವುದು ಸೂಕ್ತವೆಂದು ನಮಗೆ ತೋರುತ್ತದೆ. ಫೆಬ್ರವರಿ ಒಂದರಿಂದ ಎರಡು ಒಳ್ಳೆಯ ಮಳೆ ಬೀಳುವವರೆಗೆ ಹುಲ್ಲಿಗೂ ದರಗಿಗೂ ಸಿಪ್ಪೆಗೂ ಯಾರೂ ಬೆಂಕಿ ಹಾಕಬಾರದು. ರೋಗದ ಗಿಡ, ಸೋಗೆಗಳನ್ನು ಸುಡುವವರು ಹಿಂದಿನ ದಿನವೇ ನಾಲ್ಕೂ ದಿಕ್ಕಿನ ನೆರೆಯವರಿಗೆ, ಕಾಡಿನಂಚಾದರೆ ಗಾರ್ಡಿಗೂ ತಿಳಿಸಿ, ಸಂಘದ ಕಚೇರಿಯಲ್ಲಿಡುವ ಪುಸ್ತಕದಲ್ಲಿ ದಿನ, ಸರ್ವೆ ನಂಬರು ಬರೆಸಬೇಕು. ಸ್ಪ್ರೇಯರು ಇಲ್ಲದ ಸಣ್ಣ ಹಿಡುವಳಿದಾರರಿಗೆ ಸಂಘದ ಎರಡು ಸ್ಪ್ರೇಯರುಗಳನ್ನು ಆ ದಿನದ ಮಟ್ಟಿಗೆ ಬಾಡಿಗೆಯಿಲ್ಲದೆ ಕೊಡಬೇಕು. ಇದನ್ನು ಮುಂದಿನ ಸರ್ವ ಸದಸ್ಯರ ಸಭೆಯ ಮುಂದಿಡಲಿದ್ದೇವೆ. ಫೆಬ್ರವರಿ ಒಂದೆಂಬ ದಿನಾಂಕದ ಬಗ್ಗೆ ಭಿನ್ನಾಭಿಪ್ರಾಯ ಬರುವುದು ಸಹಜ. ತಗ್ಗಿನ ತೋಟದವರಿಗೂ ಎತ್ತರದ ಗುಡ್ಡದವರಿಗೂ ಒಣಹವೆ ಒಂದೇ ದಿನ ಬರುವುದಿಲ್ಲ. ಅಂಥ ಆಕ್ಷೇಪಣೆಗಳಿದ್ದವರು ಸಭೆಗೆ ಒಂದು ವಾರ ಮುಂಚೆ ಬರೆದು ಕೊಟ್ಟರೆ ಅನುಕೂಲ.